ಸೂಚಿಕಡತಗಳಲ್ಲಿನ ತೆರಪು ಮತ್ತು ಪುನಾರಚನೆ

ಹಳಗನ್ನಡ, ನಡುಗನ್ನಡ ಕೃತಿಗಳ ಪದಸೂಚಿಗಳನ್ನು ಗಣಕದಲ್ಲಿ ಅಳವಡಿಸಿಕೊಂಡಿರುವ ಸಂಶೋಧಕರಿಗೆ ಒಂದು ಸಂಗತಿ ಅನುಭವಕ್ಕೆ ಬಂದಿರಬಹುದು: ಪಠ್ಯ ಬೆಳೆಯದಿದ್ದರೂ ಸೂಚಿಯ ಕಡತ ಬೆಳೆಯುತ್ತ ಹೋಗುತ್ತದೆ. ಹೊರನಾಡಿನಲ್ಲಿದ್ದು, ಮುದ್ರಿತ ಪದಕೋಶಗಳು ಸುಲಭವಾಗಿ ದೊರೆಯದೆ ಇಂತಹ ಸೂಚಿಗಳನ್ನೇ ಅವಲಂಬಿಸಿರುವ ನಾವು ಇದರ ಕಾರಣವನ್ನು ಅರಿತಿರುವುದು ಲೇಸು. ನಿದರ್ಶನವಾಗಿ ಪೋಸ್ಟ್‌ಗ್ರೆಸ್‌ಕ್ಯೂಎಲ್ ಎಂಬ ದತ್ತಸಂಚಯ ತಂತ್ರಾಂಶವನ್ನು ಪರಿಶೀಲಿಸಬಹುದು.

ಇದರಲ್ಲಿ ಬಳಕೆಯಲ್ಲಿರುವ ಸಾಮಾನ್ಯ ಸೂಚಿಯು ರುಡಾಲ್ಫ್ ಬೇಯರ್ ಮತ್ತು ಎಡ್ವರ್ಡ್ ಮೆಕ್‌ಕ್ರೈಟ್ ಅವರು 1972ರಲ್ಲಿ ಪ್ರಕಟಿಸಿದ ಬಿ-ಟ್ರೀ ಎಂಬ ರಚನೆಯನ್ನು ಆಧರಿಸಿದೆ. ಪದಗಳು ಅನುಕ್ರಮವಾಗಿ, ವಾಡಿಕೆಯಲ್ಲಿ 8 ಕಿಲೋಬೈಟ್ ಅಳತೆಯ ಪುಟಗಳಲ್ಲಿ ನೆಲೆಗೊಳ್ಳುತ್ತವೆ. ತುಂಬಿದ ಪುಟದ ನಡುವೆ ಹೊಸ ಪದವೊಂದು ಬಂದಾಗ ಪುಟ ಎರಡಾಗಿ ಒಡೆಯುತ್ತದೆ; ಎರಡರಲ್ಲಿಯೂ ಸುಮಾರು ಅರ್ಧದಷ್ಟು ತೆರಪು ಉಳಿಯುತ್ತದೆ.

ತಿದ್ದುಪಡಿಯಿಂದಲೂ ತೆರಪು ಹುಟ್ಟುತ್ತದೆ. ಓಲೆಯಲ್ಲಿ ‘ಏೞು’ ಎಂದಿರುವುದನ್ನು ಲಿಪಿಕಾರರು ‘ಏಳು’ ಎಂದು ದಾಖಲಿಸಿದ್ದು, ಸಂಪಾದಕರು ಅದನ್ನು ತಿದ್ದಿದರೆನ್ನೋಣ. ಯೂನಿಕೋಡ್ ಸಂಕೇತಕ್ರಮದಲ್ಲಿ ಳಕಾರಕ್ಕೂ ೞಕಾರಕ್ಕೂ ನಡುವೆ ವ, ಶ, ಷ, ಸ, ಹ ಅಕ್ಷರಗಳಿವೆ. ಆ ಕ್ರಮವನ್ನು ಅನುಸರಿಸುವ ಸೂಚಿಯಲ್ಲಿ ತಿದ್ದಿದ ರೂಪ ಬೇರೆಡೆಗೆ ಸೇರುತ್ತದೆ. ಹಳೆಯ ನಮೂದು ನಿರ್ಜೀವವಾಗಿ ಉಳಿಯುತ್ತದೆ. ವ್ಯಾಕ್ಯೂಮ್ ಎಂಬ ಶುಚಿಕಾರ್ಯ ಅದನ್ನು ಅಳಿಸಿದರೂ, ತೆರವಾದ ಎಡೆಯು ಆ ಪುಟದ ಅನುಕ್ರಮಕ್ಕೆ ಸಲ್ಲುವ ಪದಗಳಿಗೆ ಮಾತ್ರ ಒದಗುತ್ತದೆ. ಪೂರ್ಣವಾಗಿ ಬರಿದಾದ ಪುಟವನ್ನು ಮಾತ್ರ ಬೇರೆಡೆ ಬಳಸಲು ಸಾಧ್ಯ. ಹಾಗಾದರೂ ಕಡತದ ಗಾತ್ರ ಕುಗ್ಗದು.

ಪರಿಹಾರವೆಂದರೆ ರೀಇಂಡೆಕ್ಸ್, ಅಂದರೆ ಪುನಾರಚನೆ. ಮೂಲಕೋಷ್ಟಕವನ್ನು ಓದಿ, ಪದಗಳನ್ನು ಮತ್ತೆ ವಿಂಗಡಿಸಿ, ಹೊಸ ಕಡತದ ಪುಟಗಳನ್ನು ನೂರಕ್ಕೆ 90ರಷ್ಟು ತುಂಬಿ, ಬಳಿಕ ಹಳೆಯದನ್ನು ಕಳೆಯಲಾಗುತ್ತದೆ. ನೂರಕ್ಕೆ 30ರಷ್ಟು ಮಾತ್ರ ತುಂಬಿದ 900 ಪುಟಗಳು ಸುಮಾರು 300ಕ್ಕೆ ಇಳಿಯುತ್ತವೆ. ಆದರೆ ಎರಡೂ ಕಡತಗಳಿಗೆ ಏಕಕಾಲದಲ್ಲಿ ಸ್ಥಳ ಬೇಕು. ಆ ಅವಧಿಯಲ್ಲಿ ಬರವಣಿಗೆ ತಡೆಯಲ್ಪಡುತ್ತದೆ. 2019ರ 12ನೆಯ ಆವೃತ್ತಿಯಿಂದ ಬರವಣಿಗೆಯನ್ನು ತಡೆಯದೆ ನಡೆಸುವ ‘ಕನ್‌ಕರೆಂಟ್ಲಿ’ ವಿಧಾನವಿದೆ. ಅದಕ್ಕೆ ಕಾಲ ಹೆಚ್ಚು ಬೇಕು.

ಪದೇಪದೇ ಪುನಾರಚಿಸುವುದೂ ವ್ಯರ್ಥ. ಅಲ್ಲಲ್ಲಿ ಪದಗಳು ಸೇರುತ್ತಲೇ ಇರುವ ಬಿ-ಟ್ರೀ ಸಹಜವಾಗಿಯೇ ನೂರಕ್ಕೆ ಸುಮಾರು 69ರಷ್ಟು ತುಂಬಿದ ಸ್ಥಿತಿಗೆ ಬಂದು ನಿಲ್ಲುತ್ತದೆ. ಪಿಜಿಸ್ಟಾಟ್‌ಇಂಡೆಕ್ಸ್ ಎಂಬ ಸಾಧನದಿಂದ ಸಾಂದ್ರತೆಯನ್ನು ಅಳೆದು, ಅದಕ್ಕಿಂತ ಬಹಳ ಕೆಳಗಿಳಿದಿದ್ದರೆ ಮಾತ್ರ ಮುಂದುವರಿಯುವುದು ಯುಕ್ತ.

ಆದರೆ ಒಂದು ಸಂದರ್ಭದಲ್ಲಿ ಪುನಾರಚನೆ ಅನಿವಾರ್ಯ. ಲಿನಕ್ಸ್ ವ್ಯವಸ್ಥೆಯ ಜಿಲಿಬ್‌ಸಿ ಗ್ರಂಥಾಲಯದ 2.28ನೆಯ ಆವೃತ್ತಿಯಲ್ಲಿ, 2018ರಲ್ಲಿ, ಅಕ್ಷರಾನುಕ್ರಮದ ನಿಯಮಗಳೇ ಬದಲಾದವು. ಆ ನಿಯಮಗಳನ್ನು ಆಧರಿಸಿದ ಹಳೆಯ ಸೂಚಿಯನ್ನು ಹಾಗೆಯೇ ಉಳಿಸಿಕೊಂಡರೆ, ಇರುವ ಪದವೂ ಹುಡುಕಾಟಕ್ಕೆ ಸಿಗದೆ ಹೋಗಬಹುದು. ಸ್ಥಳ ವ್ಯರ್ಥವಾದರೆ ಆಗುವ ನಷ್ಟ ಅಲ್ಪ. ‘ಈ ಪ್ರಯೋಗ ಈ ಕಾವ್ಯದಲ್ಲಿಲ್ಲ’ ಎಂಬ ತಪ್ಪು ನಿರ್ಣಯವಾದರೋ ಮುಂದಿನ ಸಂಶೋಧನೆಗಳಿಗೂ ಹರಿದುಹೋಗುತ್ತದೆ.