ಮಂಡಿ ಕುಣಿತ: ಮೊಣಕಾಲಿನ ಮೇಲೆ ಬೀಳುವ ಬಲವೆಷ್ಟು?

ಉತ್ತರ ಕನ್ನಡದ ಕರಾವಳಿಯಲ್ಲಿ ಮಕ್ಕಳ ಕುಣಿತವೆಂದರೆ ಯಕ್ಷಗಾನದ ಹೆಜ್ಜೆಗಳನ್ನು ಬಿಟ್ಟು ಮಾತಾಡುವಂತಿಲ್ಲ. ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಸ್ಥಾಪಿಸಿದ ಇಡಗುಂಜಿ ಮೇಳ ಹೊನ್ನಾವರ ತಾಲೂಕಿನದು. ಪಕ್ಕದ ಕುಮಟಾ ತಾಲೂಕಿನ ಸಂತೆಗುಳಿಯಂಥ ಊರುಗಳಿಗೂ ಬಡಗುತಿಟ್ಟಿನ ಕುಣಿತ ಚಿರಪರಿಚಿತ. ಅಭಿಮನ್ಯು, ಬಬ್ರುವಾಹನರಂಥ ಎಳೆಯ ವೀರರ ಪಾತ್ರಗಳಲ್ಲಿ ನೆಲಕ್ಕೆ ಮೊಣಕಾಲೂರಿ ಗಿರಗಿರನೆ ಸುತ್ತುವುದೇ ‘ಮಂಡಿ’. ಶಾಲೆಯ ಗ್ಯಾದರಿಂಗಿನಲ್ಲಿ ಇದಕ್ಕೆ ಚಪ್ಪಾಳೆ ಹೆಚ್ಚು. ಮೊಣಕಾಲಿಗೆ ಅಪಾಯವೂ ಹೆಚ್ಚು. ಏಕೆ?

ಮೊದಲು ಸಾಮಾನ್ಯ ಜಿಗಿತವನ್ನು ನೋಡೋಣ. h ಎತ್ತರದಿಂದ ಬಿದ್ದ ದೇಹವು d ದೂರದಲ್ಲಿ ನಿಲುಗಡೆಗೆ ಬಂದರೆ, ನೆಲ ಕೊಡುವ ಸರಾಸರಿ ಬಲ = ತೂಕ × (1 + h/d). 40 ಕಿ.ಗ್ರಾಂ. ರಾಶಿಯ ವಿದ್ಯಾರ್ಥಿಯ ತೂಕ ಸುಮಾರು 392 ನ್ಯೂಟನ್. ಆತ 20 ಸೆಂ.ಮೀ. ಎತ್ತರದಿಂದ ಇಳಿಯುವಾಗ ಕಾಲು ಬಗ್ಗಿಸಿ, ದೇಹವನ್ನು ಇನ್ನೂ 20 ಸೆಂ.ಮೀ. ತಗ್ಗಿಸಿ ನಿಂತರೆ ಬಲ ತೂಕದ 2 ಪಟ್ಟು. ಕಾಲು ಸೆಟೆದುಕೊಂಡು 2 ಸೆಂ.ಮೀ.ನಲ್ಲೇ ನಿಂತರೆ 11 ಪಟ್ಟು, ಅಂದರೆ ಸುಮಾರು 4,300 ನ್ಯೂಟನ್! ಇದು ಸರಾಸರಿ ಮಾತ್ರ. ಕ್ಷಣಿಕ ಗರಿಷ್ಠ ಬಲ ಇನ್ನೂ ಹೆಚ್ಚು.

ಬಗ್ಗುವ ಮೊಣಕಾಲು ದೇಹದ ಸ್ಪ್ರಿಂಗಿನಂತೆ ಕೆಲಸ ಮಾಡುತ್ತದೆ ಎಂದಾಯಿತು. ಆದರೆ ಮಂಡಿಯಲ್ಲಿ ನೆಲಕ್ಕೆ ತಾಗುವುದು ಮೊಣಕಾಲೇ! ಇನ್ನು ಬಗ್ಗಲು ಅಲ್ಲೇನೂ ಉಳಿದಿಲ್ಲ. ಸಿಮೆಂಟು ನೆಲ ತಗ್ಗುವುದಿಲ್ಲ. ಚರ್ಮ, ಮಾಂಸ 2 ಮಿ.ಮೀ. ತಗ್ಗುತ್ತವೆ ಎಂದಿಟ್ಟುಕೊಳ್ಳಿ. ಕೊನೆಯ 5 ಸೆಂ.ಮೀ. ದೂರವನ್ನು ಮೊಣಕಾಲು ಧೊಪ್ಪೆಂದು ಬಿದ್ದು ಮುಟ್ಟಿದರೆ, ಅದು ಹೊರುವ ಭಾರದ 26 ಪಟ್ಟು ಬಲ ಬೀಳುತ್ತದೆ. 1 ಸೆಂ.ಮೀ. ತಗ್ಗುವ ಪ್ಯಾಡ್ ಕಟ್ಟಿದರೆ 6 ಪಟ್ಟು. ಜೊತೆಗೆ ತೊಡೆಯ ಸ್ನಾಯುಗಳ ಬಲದಿಂದ ನಿಧಾನವಾಗಿ ಇಳಿದು, ಬೀಳುವ ಎತ್ತರವನ್ನು 1 ಸೆಂ.ಮೀ.ಗೆ ತಂದರೆ 2 ಪಟ್ಟು ಮಾತ್ರ. ಆದ್ದರಿಂದ ಸುತ್ತುವುದನ್ನು ಕಲಿಸುವ ಮುಂಚೆ ಸದ್ದಿಲ್ಲದೆ ಇಳಿಯುವುದನ್ನು ಕಲಿಸಬೇಕು. ಶಿಕ್ಷಕರಿಗೆ ಕಿವಿಯೇ ಅಳತೆಯ ಉಪಕರಣ: ‘ಧಡ್’ ಎಂಬ ಸದ್ದು ಕೇಳಿದರೆ ಇಳಿತ ಸರಿಯಾಗಿಲ್ಲ.

ಹಾಗಾದರೆ ದಪ್ಪ ಫೋಮ್ ಹಾಸಿಗೆಯ ಮೇಲೆ ಮಂಡಿ ಹಾಕಿಸಬಹುದಲ್ಲ? ಬೇಡ. ಮೆತ್ತನೆಯ ಹಾಸಿಗೆಯಲ್ಲಿ ಮೊಣಕಾಲು ಹೂತುಕೊಳ್ಳುತ್ತದೆ. ಮೇಲಿನ ದೇಹ ತಿರುಗುತ್ತದೆ, ಮೊಣಕಾಲು ಅಲ್ಲೇ ಸಿಕ್ಕಿಕೊಳ್ಳುತ್ತದೆ. ಮೊಣಕಾಲಿನ ಕೀಲು ಮಡಚಲು, ಚಾಚಲು ಹೇಳಿ ಮಾಡಿಸಿದ್ದು. ತಿರುಚನ್ನು ಅದು ಅಷ್ಟಾಗಿ ತಾಳದು. ಹೀಗಾಗಿ ಪ್ಯಾಡಿನ ಒಳಗಡೆ ಮೆತ್ತಗಿರಬೇಕು, ಹೊರಗಡೆ ನುಣುಪಾಗಿರಬೇಕು.

ಇದನ್ನು ತರಗತಿಯಲ್ಲೇ ಪರೀಕ್ಷಿಸಬಹುದು. ಪ್ಯಾಡಿನ ಮೇಲೆ ಒಂದು ಇಟ್ಟಿಗೆ ಕಟ್ಟಿ, ಕುಣಿಯುವ ನೆಲದ ಮೇಲೆ ಸ್ಪ್ರಿಂಗ್ ತಕ್ಕಡಿಯಿಂದ ಎಳೆಯಿರಿ. ಬೇರೆ ಬೇರೆ ಬಟ್ಟೆ ಸುತ್ತಿ ಪ್ರಯೋಗವನ್ನು ಪುನರಾವರ್ತಿಸಿ. ಜಾರುತ್ತಿರುವಾಗ ಕಡಿಮೆ ಅಂಕ ತೋರಿಸುವ ಬಟ್ಟೆ ಮಂಡಿಗೆ ಸೂಕ್ತ. ನಿಂತು ಕುಣಿಯುವಾಗ ಮಾತ್ರ ಪಾದಕ್ಕೆ ಹಿಡಿತ ಬೇಕು. ಮಳೆಗಾಲದಲ್ಲಿ ನೆಲದ ಮೇಲಿನ ತೆಳು ನೀರಿನ ಪದರ ಘರ್ಷಣೆಯನ್ನು ತಗ್ಗಿಸುವುದರಿಂದ, ಅಭ್ಯಾಸಕ್ಕೆ ಮೊದಲು ನೆಲ ಒರೆಸಿ ಒಣಗಿಸುವುದು ಅಗತ್ಯ.

ಇನ್ನೊಂದು ಮುಖ್ಯ ಸಂಗತಿ. ತೊಡೆಯ ಸ್ನಾಯುವಿನ ಎಳೆತವು ಮೊಣಕಾಲ ಚಿಪ್ಪಿನ ಕೆಳಗೆ, ಕಣಕಾಲ ಮೂಳೆಯ ಒಂದು ಉಬ್ಬಿಗೆ ತಲುಪುತ್ತದೆ. ಬೆಳೆಯುವ ಮಕ್ಕಳಲ್ಲಿ ಆ ಭಾಗ ಇನ್ನೂ ಗಟ್ಟಿಯಾಗಿರುವುದಿಲ್ಲ. ಸುಮಾರು 10ರಿಂದ 15 ವರ್ಷದವರಲ್ಲಿ ಪದೇ ಪದೇ ಜಿಗಿಯುವುದರಿಂದ ಅಲ್ಲಿ ನೋವು, ಬಾವು ಕಾಣಿಸಬಹುದು. ಮೊಣಕಾಲೂರಿದರೆ ನೋವು ಹೆಚ್ಚುತ್ತದೆ. ಇದನ್ನು ಆಸ್‌ಗುಡ್-ಶ್ಲಾಟರ್ ತೊಂದರೆ ಎನ್ನುತ್ತಾರೆ. ಮಂಡಿ ಕಲಿಯುವ ಪ್ರೌಢಶಾಲಾ ಮಕ್ಕಳ ವಯಸ್ಸೂ ಇದೇ ಎಂಬುದನ್ನು ಗಮನಿಸಿ.

‘ಇನ್ನೂ ಅಭ್ಯಾಸ ಮಾಡಿದರೆ ನೋವು ಹೋಗುತ್ತದೆ’ ಎಂಬ ಮಾತು ಇಲ್ಲಿ ಸಲ್ಲದು. ನೋವೆಂದ ವಿದ್ಯಾರ್ಥಿಗೆ ಮಂಡಿ, ಜಿಗಿತಗಳನ್ನು ನಿಲ್ಲಿಸಿ ವೈದ್ಯರಿಗೆ ತೋರಿಸಬೇಕು. ಆದರೆ ಪಾತ್ರದಿಂದ ತೆಗೆಯಬೇಕಾಗಿಲ್ಲ. ತಾಳ, ಮಾತುಗಾರಿಕೆ, ಕೈಸನ್ನೆಗಳ ಅಭ್ಯಾಸ ಮುಂದುವರಿಯಲಿ. ಪಾತ್ರ ಕೈತಪ್ಪುವ ಭಯವಿಲ್ಲದಿದ್ದರೆ ಮಕ್ಕಳು ನೋವನ್ನು ಮುಚ್ಚಿಡುವುದಿಲ್ಲ. ಮಂಡಿಯಿಲ್ಲದೆಯೂ ಅಭಿಮನ್ಯು ಚಕ್ರವ್ಯೂಹವನ್ನು ಹೊಗಬಲ್ಲ.