ಚಲನೆಯೂ ಒಂದು ಶಾಸ್ತ್ರ

ಹನ್ನೆರಡನೆಯ ತರಗತಿಯ ಫಲಿತಾಂಶ ಪ್ರಕಟವಾಗುವ ದಿನಗಳಲ್ಲಿ ಠಾಣೆಯಿಂದ ಕಲ್ಯಾಣದವರೆಗಿನ ನಮ್ಮ ಕನ್ನಡ ಮನೆಗಳಲ್ಲಿ ಕೇಳಿಬರುವ ಹೆಸರುಗಳು ಬಹುಮಟ್ಟಿಗೆ ನಾಲ್ಕೇ: ಇಂಜಿನಿಯರಿಂಗ್, ವೈದ್ಯಕೀಯ, ಕಂಪ್ಯೂಟರ್ ಮತ್ತು ಸಿ.ಎ. ಎರಡು ವರ್ಷಗಳ ಹಿಂದೆ ನನ್ನ ಮಗಳು ಈ ನಾಲ್ಕನ್ನೂ ಬದಿಗಿಟ್ಟು, "ಅಪ್ಪಾ, ಮನುಷ್ಯ ಹೇಗೆ ನಡೆಯುತ್ತಾನೆ ಎಂಬುದನ್ನು ಓದಬೇಕೆಂದಿದ್ದೇನೆ" ಎಂದಳು. ವಾಣಿಜ್ಯ ಪದವಿ ಪಡೆದು, ಬ್ಯಾಂಕಿನ ಕುರ್ಚಿಯಲ್ಲಿ ಎರಡು ದಶಕಗಳನ್ನು ಕಳೆದ ನನಗೆ ಇದು ವಿಚಿತ್ರವಾಗಿ ತೋರಿತು. ಒಂದು ವರ್ಷದ ಕೂಸೂ ಕಲಿಯುವ ನಡಿಗೆಗೆ ಕಾಲೇಜು ಏಕೆ? "ಡ್ರಿಲ್ ಟೀಚರ್ ಆಗುತ್ತಾಳೋ?" ಎಂದು ನಂಟರೊಬ್ಬರು ನಕ್ಕರು. 'ಬೇಡ' ಎಂಬ ಮಾತು ನನ್ನ ನಾಲಗೆಯ ತುದಿಗೆ ಬಂದಿತ್ತು. ಅದನ್ನು ಅಲ್ಲಿಯೇ ತಡೆದುದು ನಮ್ಮ ತೀರ್ಥರೂಪರ ಕಾಲು. ಆ ಸಂಗತಿಯನ್ನು ಮುಂದೆ ನಿವೇದಿಸುವೆನು. ಮೊದಲು ಈ ವಿದ್ಯೆಯ ಪರಿಚಯವಾಗಲಿ.

ವಿದ್ಯೆಯ ಸ್ವರೂಪ

ಚಲನೆ ಎಂಬರ್ಥದ ಗ್ರೀಕ್ ಪದದಿಂದ ಹುಟ್ಟಿದ ಕೈನೀಸಿಯಾಲಜಿಯನ್ನು ಕನ್ನಡದಲ್ಲಿ ಅಂಗಚಲನಶಾಸ್ತ್ರವೆನ್ನಬಹುದು. ಅದರ ಒಡಹುಟ್ಟು ವ್ಯಾಯಾಮ ವಿಜ್ಞಾನ. ಮೂಳೆ, ಕೀಲು, ಸ್ನಾಯು, ನರಗಳು ಕೂಡಿ ಒಂದು ಹೆಜ್ಜೆಯನ್ನು ಹೇಗೆ ಇಡುತ್ತವೆ ಎಂಬುದು ಮೊದಲನೆಯದರ ಪ್ರಶ್ನೆ. ಶ್ರಮಪಡುವಾಗ ಹೃದಯ, ಶ್ವಾಸಕೋಶ, ರಕ್ತಗಳಲ್ಲಿ ಏನು ನಡೆಯುತ್ತದೆ ಎಂಬುದು ಎರಡನೆಯದರ ಪ್ರಶ್ನೆ. ಅಮೆರಿಕ, ಕೆನಡಾಗಳಲ್ಲಿ ಇವುಗಳಿಗೆಂದೇ ಪದವಿಗಳಿವೆ. ನಮ್ಮಲ್ಲಿ ಇವು ಹೆಚ್ಚಾಗಿ ಫಿಸಿಯೋಥೆರಪಿ ಹಾಗೂ ದೈಹಿಕ ಶಿಕ್ಷಣದ ಪದವಿಗಳೊಳಗಿನ ಮುಖ್ಯ ವಿಷಯಗಳಾಗಿವೆ.

ಇದು ಕೇವಲ ಕಸರತ್ತಲ್ಲ, ಲೆಕ್ಕವೂ ಹೌದು ಎಂಬುದಕ್ಕೆ ಒಂದು ನಿದರ್ಶನ. ಡೊಂಬಿವಲಿಯ ಮಾರುಕಟ್ಟೆಯಿಂದ ಐದು ಕಿಲೋ ತರಕಾರಿಯ ಚೀಲವನ್ನು ಮೊಣಕೈ ಮಡಚಿ ಹಿಡಿದು ನಿಂತಿರೆಂದು ಭಾವಿಸಿರಿ. ತೋಳಿನ ಸ್ನಾಯು ಮೊಣಕೈಯ ಕೀಲಿನಿಂದ ನಾಲ್ಕೈದು ಸೆಂಟಿಮೀಟರ್ ದೂರದಲ್ಲಿ ಮೂಳೆಗೆ ಅಂಟಿಕೊಂಡಿದೆ. ಚೀಲವಾದರೋ ಮೂವತ್ತೈದು ಸೆಂಟಿಮೀಟರ್ ದೂರದ ಅಂಗೈಯಲ್ಲಿದೆ. ಸನ್ನೆಗೋಲಿನ ನಿಯಮದಂತೆ ಆ ಸ್ನಾಯು ಚೀಲದ ತೂಕದ ಏಳೆಂಟು ಪಟ್ಟು ಬಲದಿಂದ ಎಳೆಯಬೇಕು. ಐದು ಕಿಲೋ ಹೊರಲು ಮೂವತ್ತೈದು ಕಿಲೋಗೂ ಮಿಕ್ಕಿದ ಸೆಳೆತ! ಪುಸ್ತಕದಲ್ಲಿ ಇದನ್ನು ಓದಿದ ದಿನ ಮಗಳು ನನ್ನ ಕೈಯ ಚೀಲವನ್ನು ಕಸಿದು, ಮೈಗೆ ಹತ್ತಿರ ಹಿಡಿಯಲು ಹೇಳಿಕೊಟ್ಟಳು.

ಲೋಕಲ್ ಗಾಡಿಯೆಂಬ ಪ್ರಯೋಗಶಾಲೆ

ಈ ಶಾಸ್ತ್ರದ ಪ್ರಯೋಗಶಾಲೆಯಲ್ಲಿ ನಾವೆಲ್ಲರೂ ದಿನವೂ ಎರಡು ಹೊತ್ತು ನಿಲ್ಲುತ್ತೇವೆ. ಗಾಡಿ ಓಲಾಡುವಾಗ ಯಾರೂ ಹೇಳಿಕೊಡದೆಯೇ ಕಾಲುಗಳನ್ನು ಅಗಲಿಸಿ, ಮಂಡಿಯನ್ನು ತುಸು ಸಡಿಲಿಸುತ್ತೇವೆ. ನಾಭಿಗಿಂತ ಸ್ವಲ್ಪ ಕೆಳಗಿರುವ ದೇಹದ ಗುರುತ್ವಕೇಂದ್ರ ಪಾದಗಳ ನಡುವಣ ಆಧಾರವನ್ನು ಮೀರದಂತೆ ನೋಡಿಕೊಳ್ಳುವ ಉಪಾಯವಿದು. ಮೂವರ ಆಸನದಲ್ಲಿ ನಾಲ್ಕನೆಯವರಾಗಿ ತುದಿಯಲ್ಲಿ ಕುಳಿತವರ ಭಾರವೆಲ್ಲ ಒಂದೇ ಪಕ್ಕಕ್ಕೆ ಬಿದ್ದು, ಬೆನ್ನು ಬಾಗಿ, ಒಂದು ಬದಿಯ ಸ್ನಾಯುಗಳು ಮುಂಬಯಿ ತಲಪುವವರೆಗೂ ಬಿಡುವಿಲ್ಲದೆ ದುಡಿಯುತ್ತವೆ. ಸೀಟು ಸಿಕ್ಕಿತೆಂಬ ಸಂತೋಷಕ್ಕೆ ಸೊಂಟ ತೆರುವ ಬಡ್ಡಿ ಅದು.

ಸ್ಟೇಷನ್ನಿನ ಸೇತುವೆಯ ಮೆಟ್ಟಿಲು ಹತ್ತುವಾಗ ತೊಡೆಯ ಮುಂಭಾಗದ ಸ್ನಾಯು ಕುಗ್ಗುತ್ತ ನಮ್ಮನ್ನು ಮೇಲೆತ್ತುತ್ತದೆ. ಇಳಿಯುವಾಗ ಅದೇ ಸ್ನಾಯು ಹಿಗ್ಗುತ್ತಲೇ ಭಾರವನ್ನು ತಡೆದು ಮೆಲ್ಲನೆ ಕೆಳಗಿಳಿಸುತ್ತದೆ. ಹತ್ತುವಾಗ ಏದುಸಿರು, ಇಳಿಯುವಾಗ ಮಂಡಿನೋವು ಎಂದು ಹಲವರು ಹೇಳುವುದರ ಹಿಂದೆ ಈ ವ್ಯತ್ಯಾಸವಿದೆ. ಹೋಟೆಲಿನಲ್ಲಿ ದಿನವಿಡೀ ನಿಂತು ದುಡಿದ ನಮ್ಮ ಹಿರಿಯರ ಕಾಲುಗಳಲ್ಲಿ ನೀಲಿ ನರಗಳು ಉಬ್ಬಿರುವುದನ್ನು ಕಾಣದವರಾರು? ಮೀನಖಂಡದ ಸ್ನಾಯು ನಡೆಯುವಾಗ ರಕ್ತನಾಳಗಳನ್ನು ಹಿಂಡಿ ರಕ್ತವನ್ನು ಮೇಲಕ್ಕೆ ತಳ್ಳುತ್ತದೆ. ಅದನ್ನು ಎರಡನೆಯ ಹೃದಯವೆನ್ನುವುದೂ ಉಂಟು. ಅಲುಗಾಡದೆ ನಿಂತಾಗ ಆ ಪಂಪು ನಿಲ್ಲುತ್ತದೆ, ರಕ್ತ ಕೆಳಗೇ ತಂಗುತ್ತದೆ.

ಬಸ್ಸಿನ ಕಂಡಕ್ಟರರು ಕಲಿಸಿದ ಪಾಠ

ನಮ್ಮ ಬೆಸ್ಟ್ ಸಂಸ್ಥೆಯ ಹಳೆಯ ಎರಡು ಅಂತಸ್ತಿನ ಬಸ್ಸುಗಳು 2023ರಲ್ಲಿ ಓಡಾಟ ನಿಲ್ಲಿಸಿದವು. ಅಂತಹವೇ ಬಸ್ಸುಗಳು ಓಡುತ್ತಿದ್ದ ಲಂಡನ್ನಿನಲ್ಲಿ ಜೆರ್ರಿ ಮಾರಿಸ್ ಎಂಬ ವೈದ್ಯ ವಿಜ್ಞಾನಿ ಸುಮಾರು 31,000 ಸಾರಿಗೆ ನೌಕರರನ್ನು ಕುರಿತು ಅಧ್ಯಯನ ನಡೆಸಿ, ಅದರ ಫಲವನ್ನು 1953ರಲ್ಲಿ ಪ್ರಕಟಿಸಿದರು. ದಿನವಿಡೀ ಕುಳಿತೇ ಇರುವ ಚಾಲಕರಿಗಿಂತ, ದಿನಕ್ಕೆ ನೂರಾರು ಮೆಟ್ಟಿಲು ಹತ್ತಿಳಿಯುವ ಕಂಡಕ್ಟರರಲ್ಲಿ ಹೃದ್ರೋಗ ಕಡಿಮೆ, ಬಂದರೂ ಅಷ್ಟು ಮಾರಕವಲ್ಲ ಎಂದು ಕಂಡುಬಂತು. ಅಂಚೆ ಹಂಚುವವರಿಗೂ ಕಚೇರಿಯ ಗುಮಾಸ್ತರಿಗೂ ನಡುವೆ ಇದೇ ಬಗೆಯ ಅಂತರವಿತ್ತು.

ಆದರೆ ಮಾರಿಸ್ ಅಷ್ಟಕ್ಕೇ ತೃಪ್ತರಾಗಲಿಲ್ಲ. ಸಮವಸ್ತ್ರದ ಅಳತೆಗಳನ್ನು ಪರಿಶೀಲಿಸಿ, ಚಾಲಕರ ಸೊಂಟ ಮೊದಲಿನಿಂದಲೇ ದಪ್ಪವಿತ್ತೆಂಬುದನ್ನು ಅವರೇ 1956ರಲ್ಲಿ ಹೊರಗೆಡಹಿದರು. ತಮ್ಮ ತೀರ್ಮಾನವನ್ನು ತಾವೇ ಸಂಶಯಿಸಿ ಮತ್ತಷ್ಟು ಶೋಧಿಸುವುದೇ ವಿಜ್ಞಾನ. ಮುಂದಿನ ದಶಕಗಳ ಸಂಶೋಧನೆಗಳು ಶ್ರಮದ ಸತ್ಫಲವನ್ನು ಮತ್ತೆ ಮತ್ತೆ ದೃಢಪಡಿಸಿವೆ. "ಕೂತು ಉಂಡರೆ ಕುಡಿಕೆ ಹೊನ್ನು ಸಾಲದು" ಎಂಬ ನಮ್ಮ ಗಾದೆ ಹಣಕ್ಕೆ ಮಾತ್ರವಲ್ಲ, ದೇಹಕ್ಕೂ ಸಲ್ಲುತ್ತದೆ. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಮೀಕ್ಷೆಯಂತೆ ನಮ್ಮ ದೇಶದ ಮಧುಮೇಹಿಗಳ ಸಂಖ್ಯೆ 10 ಕೋಟಿಯನ್ನು ದಾಟಿದೆ. ದುಡಿಯುವ ಸ್ನಾಯು ಇನ್ಸುಲಿನ್ನಿನ ನೆರವಿಲ್ಲದೆಯೂ ರಕ್ತದಿಂದ ಸಕ್ಕರೆಯನ್ನು ಹೀರಿಕೊಳ್ಳಬಲ್ಲದೆಂಬ ಮಾತು ಇಂತಹ ನಾಡಿಗೆ ಅಮೂಲ್ಯವಲ್ಲವೇ?

ಪರಂಪರೆ ನಮ್ಮಲ್ಲಿಯೂ ಉಂಟು

ಇದು ಪರದೇಶದ ಹೊಸ ಹುಚ್ಚೆಂದು ಭಾವಿಸಬೇಕಾಗಿಲ್ಲ. 'ರೂಪದರ್ಶಿ', 'ಶಾಂತಲಾ' ಕಾದಂಬರಿಗಳ ಕರ್ತೃ ಕೆ. ವಿ. ಅಯ್ಯರ್ (1897–1980) ಅವರು ಬೆಂಗಳೂರಿನಲ್ಲಿ ವ್ಯಾಯಾಮಶಾಲೆ ನಡೆಸಿ, ಅಂಗಸಾಧನೆಯ ಮೇಲೆ ಇಂಗ್ಲಿಷಿನಲ್ಲಿ ಗ್ರಂಥಗಳನ್ನು ಬರೆದವರು. ಲೇಖನಿಯನ್ನೂ ಭಾರದ ಗುಂಡನ್ನೂ ಒಂದೇ ಗೌರವದಿಂದ ಹಿಡಿದ ಕನ್ನಡಿಗರವರು. ಮುಂಬಯಿ ಸರಕಾರ 1938ರಲ್ಲಿಯೇ ಕಾಂದಿವಲಿಯಲ್ಲಿ ದೈಹಿಕ ಶಿಕ್ಷಣದ ತರಬೇತಿ ಸಂಸ್ಥೆಯನ್ನು ತೆರೆಯಿತು. 1957ರ ಆಗಸ್ಟ್ 17ರಂದು ಗ್ವಾಲಿಯರಿನಲ್ಲಿ ಆರಂಭವಾದ ಲಕ್ಷ್ಮೀಬಾಯಿ ಕಾಲೇಜು ದೈಹಿಕ ಶಿಕ್ಷಣಕ್ಕೆ ಮೂರು ವರ್ಷಗಳ ಪದವಿಯ ಸ್ಥಾನವನ್ನು ಕೊಟ್ಟಿತು. ಪರೇಲಿನ ಕೆ.ಇ.ಎಂ. ಆಸ್ಪತ್ರೆಯಲ್ಲಿ 1950ರ ದಶಕದ ಆರಂಭದಲ್ಲಿ, ಪೋಲಿಯೋ ಪೀಡಿತ ಮಕ್ಕಳ ಅವಶ್ಯಕತೆಯನ್ನು ಕಂಡು, ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಫಿಸಿಯೋಥೆರಪಿ ಶಾಲೆ ಸ್ಥಾಪನೆಯಾಯಿತು. ಇಂದು ನವಿ ಮುಂಬಯಿಯ ನೆರುಳ, ಕಾಮೋಠೆಗಳಲ್ಲಿಯೂ ಈ ಪದವಿಯ ಕಾಲೇಜುಗಳಿವೆ.

ತೀರ್ಥರೂಪರ ಕಾಲು

ಈಗ ಮನೆಯ ಮಾತು. ನಮ್ಮ ತೀರ್ಥರೂಪರು ಅರವತ್ತರ ದಶಕದಲ್ಲಿ ಕುಂದಾಪುರದ ಕಡೆಯಿಂದ ಮುಂಬಯಿಗೆ ಬಂದು, ಹಗಲು ಹೋಟೆಲಿನಲ್ಲಿ ದುಡಿದು, ರಾತ್ರಿಶಾಲೆಯಲ್ಲಿ ಓದಿ, ಬಾಳಿನ ಬಹುಭಾಗವನ್ನು ನಿಂತೇ ಕಳೆದವರು. ಮೂರು ವರ್ಷಗಳ ಹಿಂದೆ ಬಚ್ಚಲುಮನೆಯಲ್ಲಿ ಜಾರಿಬಿದ್ದು ತೊಡೆಯೆಲುಬಿನ ಮೇಲ್ತುದಿ ಮುರಿಯಿತು. ಶಸ್ತ್ರಚಿಕಿತ್ಸೆ ಸಾಂಗವಾಗಿ ನೆರವೇರಿತು. ಮನೆಗೆ ಹೋದ ಮೇಲೂ ದಿನವೂ ಎಬ್ಬಿಸಿ ನಡೆಸಬೇಕೆಂದು ವೈದ್ಯರು ಸ್ಪಷ್ಟವಾಗಿಯೇ ಹೇಳಿದ್ದರು. ನಾವು ಕೇಳಲಿಲ್ಲ. "ಜೀವವಿಡೀ ನಿಂತಿದ್ದಾರೆ, ಈಗಲಾದರೂ ಮಲಗಲಿ" ಎಂದು ಮೂರು ವಾರ ಹಾಸಿಗೆಯಲ್ಲೇ ಉಪಚರಿಸಿದೆವು. ಅದು ಪ್ರೀತಿಯೇ, ಆದರೆ ಅಜ್ಞಾನದ ಪ್ರೀತಿ.

ಇಳಿವಯಸ್ಸಿನವರು ಹತ್ತು ದಿನ ಹಾಸಿಗೆ ಹಿಡಿದರೆ ಆಗುವ ನಷ್ಟವನ್ನು ಅಮೆರಿಕದ ಸಂಶೋಧಕರು ಅಳೆದಿದ್ದಾರೆ. 2007ರಲ್ಲಿ ಪ್ರಕಟವಾದ ಆ ವರದಿಯಲ್ಲಿ, ಆರೋಗ್ಯವಂತರಾಗಿದ್ದ ಹನ್ನೆರಡು ಮಂದಿ ಕಾಲಿನ ಮಾಂಸಲಭಾಗದಲ್ಲಿ ಸರಾಸರಿ ಒಂದು ಕಿಲೋದಷ್ಟನ್ನು ಕಳೆದುಕೊಂಡಿದ್ದರು. ನಮ್ಮ ತೀರ್ಥರೂಪರಾದರೋ ಗಾಯಾಳುಗಳು, ಕಾಲವೂ ಇಮ್ಮಡಿ. ಮೂರು ವಾರಗಳ ಬಳಿಕ ಎಬ್ಬಿಸಲು ಹೋದರೆ ಕಾಲುಗಳು ಭಾರ ಹೊರಲು ನಿರಾಕರಿಸಿದವು. ಅವರು ಏನೂ ಹೇಳದೆ ಗೋಡೆಯ ಕಡೆ ಮುಖ ತಿರುಗಿಸಿದರು. ಆ ದಿನ ನಮಗೆ ನಿಜವಾದ ಭಯ ಹುಟ್ಟಿತು.

ಆಗ ಮನೆಗೆ ಬರತೊಡಗಿದವಳು ಪದವಿ ಮುಗಿಸಿ ಹೆಚ್ಚು ಕಾಲವಾಗದ ಒಬ್ಬ ಫಿಸಿಯೋಥೆರಪಿಸ್ಟ್ ಹುಡುಗಿ. ಮೊದಲ ವಾರ ಹಾಸಿಗೆಯ ಅಂಚಿನಲ್ಲಿ ಕೂರಿಸಿದಳು. ಮುಂದೆ ಕುರ್ಚಿಯಿಂದ ಏಳಿಸಿದಳು. ಕೋಲು ಹಿಡಿಯುವ ದಿನ ಬಂದಾಗ ನಾನು ಅದನ್ನು ಮುರಿದಿದ್ದ ಬಲಗಾಲಿನ ಬದಿಗೇ ಕೊಟ್ಟೆ. ಆಕೆ ಅದನ್ನು ಎಡಗೈಗೆ ದಾಟಿಸಿದಳು. ಬಲಗಾಲ ಮೇಲೆ ನಿಂತಾಗ ಸೊಂಟ ಎಡಕ್ಕೆ ವಾಲದಂತೆ ಬಲಬದಿಯ ಸ್ನಾಯುಗಳು ಎಳೆದು ಹಿಡಿಯಬೇಕು. ಎಡಗೈಯ ಕೋಲು ನೆಲವನ್ನೊತ್ತಿ ಆ ಸ್ನಾಯುಗಳ ಹೊರೆಯನ್ನೂ, ಅದರೊಡನೆ ನೊಂದ ಕೀಲಿನ ಒತ್ತಡವನ್ನೂ ತಗ್ಗಿಸುತ್ತದೆ. ಬಾಗಿಲ ಬಳಿ ನಿಂತು ಇದನ್ನೆಲ್ಲ ನನ್ನ ಮಗಳು ನೋಡುತ್ತಿದ್ದಳು. ನಾಲ್ಕು ತಿಂಗಳಲ್ಲಿ ತೀರ್ಥರೂಪರು ಕೋಲೂರಿ ಕಟ್ಟಡದ ಗೇಟಿನವರೆಗೆ ನಡೆದರು. "ನಿಂತೇ ಬದುಕು ಕಳೆದವನು ನಾನು. ನಿಲ್ಲುವುದನ್ನು ಕಲಿಸಲು ಒಬ್ಬ ಹುಡುಗಿ ಬರಬೇಕಾಯಿತು ನೋಡು" ಎಂದರು. ಹೀಗಿರಲು, ಮರುವರ್ಷ ಮಗಳಿಗೆ ನಾನು 'ಬೇಡ' ಎನ್ನುವುದಾದರೂ ಹೇಗೆ?

ಪಾಲಕರು ತಿಳಿಯಬೇಕಾದುದು

ಆದರೂ ಭಾವನೆಯೊಂದರಿಂದಲೇ ಮಕ್ಕಳ ಭವಿಷ್ಯ ನಿರ್ಧಾರವಾಗಬಾರದು. ಇಲ್ಲಿ ಮೂರು ಹಾದಿಗಳಿವೆ, ಅವನ್ನು ಒಂದೆಂದು ಭ್ರಮಿಸಬಾರದು.

ಮೊದಲನೆಯದು ಫಿಸಿಯೋಥೆರಪಿ. ಜೀವಶಾಸ್ತ್ರ ಓದಿರಬೇಕು. ಮಹಾರಾಷ್ಟ್ರದಲ್ಲಿ ಪ್ರವೇಶಕ್ಕೆ ನೀಟ್ ಪರೀಕ್ಷೆ ಬರೆಯಬೇಕು. ನಾಲ್ಕು ವರ್ಷಗಳ ಓದಿನ ಮೇಲೆ ಆಸ್ಪತ್ರೆಯಲ್ಲಿ ಕಡ್ಡಾಯ ತರಬೇತಿ. ವೃತ್ತಿ ನಡೆಸಲು ರಾಜ್ಯದ ಮಂಡಳಿಯಲ್ಲಿ ನೋಂದಣಿ ಬೇಕು. 2021ರಲ್ಲಿ ಸಂಸತ್ತು ಅಂಗೀಕರಿಸಿದ ಕಾಯಿದೆಯು ಇದನ್ನು ರಾಷ್ಟ್ರೀಯ ಆಯೋಗವೊಂದರ ವ್ಯಾಪ್ತಿಗೆ ತಂದಿದೆ. ಎರಡನೆಯದು ದೈಹಿಕ ಶಿಕ್ಷಣ. ಶಾಲೆಗಳಲ್ಲಿ ಶಿಕ್ಷಕರಾಗಬಯಸುವವರು ಪದವಿಯ ನಂತರ ಎರಡು ವರ್ಷಗಳ ಬಿ.ಪಿ.ಎಡ್. ಓದುವುದು ರೂಢಿಯಲ್ಲಿರುವ ಮಾರ್ಗ. ಮೂರನೆಯದು ಕ್ರೀಡಾ ಹಾಗೂ ವ್ಯಾಯಾಮ ವಿಜ್ಞಾನದ ಬಿ.ಎಸ್ಸಿ. ಚೆನ್ನೈಯ ಶ್ರೀ ರಾಮಚಂದ್ರ ಸಂಸ್ಥೆಯಂತಹ ಕೆಲವೆಡೆ ಇದುಂಟು. ಈ ಪದವೀಧರರು ಕ್ರೀಡಾತಂಡ, ತರಬೇತಿ ಕೇಂದ್ರಗಳಲ್ಲಿ ದುಡಿಯಬಹುದೇ ಹೊರತು ಫಿಸಿಯೋಥೆರಪಿಸ್ಟರೆಂದು ರೋಗಿಗಳಿಗೆ ಚಿಕಿತ್ಸೆ ನೀಡುವಂತಿಲ್ಲ. ಕೆಲವೇ ವಾರಗಳ ಜಿಮ್ ಪ್ರಮಾಣಪತ್ರವಂತೂ ಇವಾವುದಕ್ಕೂ ಸಮನಲ್ಲ.

ಸಾಲದ ಅರ್ಜಿಗೆ ಸಹಿ ಹಾಕುವ ಮುನ್ನ ನಾಲ್ಕು ಪ್ರಶ್ನೆಗಳನ್ನು ಕೇಳಿರಿ: ಕಾಲೇಜಿಗೆ ಮಾನ್ಯತೆ ಉಂಟೇ? ಪದವಿ ನೀಡುವ ವಿಶ್ವವಿದ್ಯಾಲಯ ಯಾವುದು? ಕಲಿಯಲು ರೋಗಿಗಳಿರುವ ಆಸ್ಪತ್ರೆ ಜೊತೆಗಿದೆಯೇ? ಒಟ್ಟು ಶುಲ್ಕ ಎಷ್ಟು? ಆರಂಭದ ಸಂಬಳ ಕಂಪ್ಯೂಟರ್ ಇಂಜಿನಿಯರರಷ್ಟು ಇರದೆಂಬುದನ್ನೂ ಮಕ್ಕಳಿಗೆ ಮುಚ್ಚುಮರೆಯಿಲ್ಲದೆ ತಿಳಿಸಿರಿ. ಓದೂ ಸುಲಭದ್ದಲ್ಲ. ಶವಚ್ಛೇದನದ ಕೊಠಡಿಯಿಂದ ಹಿಡಿದು ಶರೀರಕ್ರಿಯೆ, ರೋಗಶಾಸ್ತ್ರ, ಔಷಧಶಾಸ್ತ್ರಗಳವರೆಗೆ ಎಲ್ಲವೂ ಅದರಲ್ಲಿದೆ.

ನಮ್ಮ ಪಾಲಿನ ಕರ್ತವ್ಯ

ಓದುವವರು ಮಕ್ಕಳಾದರೂ ಆಚರಿಸಬೇಕಾದವರು ನಾವು. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದಂತೆ ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷಗಳ ಬಿರುಸು ನಡಿಗೆಯಂತಹ ಶ್ರಮ, ಎರಡು ದಿನವಾದರೂ ಸ್ನಾಯುಬಲದ ವ್ಯಾಯಾಮ ಬೇಕು. ಅರವತ್ತೈದು ದಾಟಿದವರಿಗೆ ವಾರಕ್ಕೆ ಮೂರು ದಿನ ಸಮತೋಲನದ ಅಭ್ಯಾಸವೂ ಅಗತ್ಯ. ಹೃದ್ರೋಗ, ಮಂಡಿನೋವು ಇರುವವರು ವೈದ್ಯರನ್ನು ಕೇಳಿಯೇ ತೊಡಗಬೇಕು.

ಮಗಳೀಗ ಎರಡನೆಯ ವರ್ಷದಲ್ಲಿದ್ದಾಳೆ. ದಿನವೂ ಡೊಂಬಿವಲಿಯಿಂದ ಠಾಣೆಗೆ ಬಂದು, ಅಲ್ಲಿ ಗಾಡಿ ಬದಲಿಸಿ ನೆರುಳಕ್ಕೆ ಹೋಗುತ್ತಾಳೆ. ಭಾನುವಾರಗಳಂದು ಅಜ್ಜನಿಗೊಂದು ಪರೀಕ್ಷೆ: ಕೈಗಳನ್ನು ಎದೆಗೆ ಕಟ್ಟಿ, ಮೂವತ್ತು ಸೆಕೆಂಡುಗಳಲ್ಲಿ ಕುರ್ಚಿಯಿಂದ ಎಷ್ಟು ಬಾರಿ ಎದ್ದು ನಿಲ್ಲಬಲ್ಲರೆಂದು ಎಣಿಸುವುದು. ಆರಂಭದಲ್ಲಿ ಮೂರು ಇತ್ತು, ಈಗ ಎಂಟಕ್ಕೆ ಏರಿದೆ. ಹಳೆಯ ನೋಟುಪುಸ್ತಕವೊಂದರಲ್ಲಿ ದಿನಾಂಕಸಹಿತ ಬರೆದಿಡುತ್ತಾಳೆ. ಅಂಕಿಗಳ ನಡುವೆಯೇ ಬಾಳಿದ ನನಗೆ ಅದಕ್ಕಿಂತ ಸಂತೋಷ ಕೊಡುವ ಲೆಕ್ಕದ ಪುಸ್ತಕ ಇನ್ನೊಂದಿಲ್ಲ. ಕಳೆದ ವಾರ ಅಜ್ಜ ತಮ್ಮ ಸರದಿ ಮುಗಿಸಿ, ಕುರ್ಚಿಯನ್ನು ನನ್ನತ್ತ ತಳ್ಳಿ, "ಇನ್ನು ನೀನು" ಎಂದರು. ನನ್ನ ಎಣಿಕೆ ಹನ್ನೊಂದಕ್ಕೇ ನಿಂತಿತು. ಮಗಳು ಏನೂ ಹೇಳದೆ ಪುಸ್ತಕದಲ್ಲಿ ನನ್ನ ಹೆಸರಿನ ಹೊಸ ಪುಟವೊಂದನ್ನು ತೆರೆದಳು.