ಯುದ್ಧದಲ್ಲಿ ಬದುಕುಳಿದವರ ಸಿನಿಮಾ: ನಾವು ಯಾಕೆ ಬಿಡದೆ ನೋಡ್ತೀವಿ?

ಎರಡನೇ ಮಹಾಯುದ್ಧದಲ್ಲಿ ಯಾರು ಗೆದ್ದರು ಅಂತ ನಮಗೆಲ್ಲ ಗೊತ್ತು. ಆದರೂ ಆ ಕಾಲದ ಸಿನಿಮಾಗಳನ್ನ ಉಸಿರು ಬಿಗಿಹಿಡಿದು ನೋಡ್ತೀವಿ. ಯಾಕೆ? ಇವತ್ತಿನ ಎಪಿಸೋಡ್ ಇದರ ಬಗ್ಗೆ.

ಮೊದಲ ಕಾರಣ, ಇಂಥ ಚಿತ್ರಗಳಲ್ಲಿ ದೊಡ್ಡ ಯುದ್ಧ ಚಿಕ್ಕದಾಗುತ್ತೆ. ಕ್ರಿಸ್ಟೋಫರ್ ನೋಲನ್ ಅವರ ‘ಡನ್‌ಕರ್ಕ್’ (2017) ತಗೊಳ್ಳಿ. 1940ರ ಮೇ 26ರಿಂದ ಜೂನ್ 4ರವರೆಗೆ ಫ್ರಾನ್ಸಿನ ಆ ತೀರದಿಂದ ಸುಮಾರು 3.38 ಲಕ್ಷ ಸೈನಿಕರನ್ನ ಪಾರು ಮಾಡಿದ್ರು. ಚಿತ್ರದಲ್ಲಿ ಹಿಟ್ಲರ್ ಕಾಣಲ್ಲ, ರಾಜಕೀಯದ ಚರ್ಚೆ ಇಲ್ಲ. ದಡದಲ್ಲಿರೋ ಹುಡುಗನಿಗೆ ಹಡಗು ಸಿಗುತ್ತಾ ಅನ್ನೋದೇ ಪ್ರಶ್ನೆ. ಇತಿಹಾಸ ಓದದವರಿಗೂ ಆ ಭಯ ಅರ್ಥವಾಗುತ್ತೆ.

ಎರಡನೇ ಕಾರಣ, ‘ನಾನಾಗಿದ್ರೆ ಏನು ಮಾಡ್ತಿದ್ದೆ?’ ಅನ್ನೋ ಯೋಚನೆ. ಹುಷಾರಾಗಿರಬೇಕಾದದ್ದೂ ಇಲ್ಲೇ. ಕಾಮರ್ಸ್ ಓದಿದವರು ‘ಸರ್ವೈವರ್‌ಶಿಪ್ ಬಯಾಸ್’ ಕೇಳಿರ್ತೀರಿ. ಇವತ್ತು ನಡೀತಿರೋ ಮ್ಯೂಚುವಲ್ ಫಂಡ್‌ಗಳ ಹತ್ತು ವರ್ಷದ ಲೆಕ್ಕ ಮಾತ್ರ ನೋಡಿದ್ರೆ ಚಿತ್ರಣ ಇದ್ದದ್ದಕ್ಕಿಂತ ಚೆನ್ನಾಗಿ ಕಾಣುತ್ತೆ. ನಡುವೆ ಮುಚ್ಚಿಹೋದ ಫಂಡ್‌ಗಳು ಆ ಪಟ್ಟಿಯಲ್ಲೇ ಇರಲ್ಲ. ಯುದ್ಧದ ಕಥೆಗಳೂ ಹಾಗೇ. ಹೆಚ್ಚಾಗಿ ನಮ್ಮವರೆಗೆ ಬರೋದು ವಾಪಸ್ ಬಂದವರ ಕಥೆ. ಅದನ್ನೇ ನೋಡ್ತಾ ನೋಡ್ತಾ ‘ಧೈರ್ಯ, ಬುದ್ಧಿ ಇದ್ದವರು ಉಳಿದ್ರು’ ಅಂದುಕೊಂಡುಬಿಡ್ತೀವಿ. ಹಾಗಾದ್ರೆ ಸತ್ತವರಿಗೆ ಅದು ಇರಲಿಲ್ವಾ?

ಅದಕ್ಕೇ ನನಗೆ ರೋಮನ್ ಪೊಲಾನ್‌ಸ್ಕಿ ಅವರ ‘ದಿ ಪಿಯಾನಿಸ್ಟ್’ (2002) ಇಷ್ಟ. ಪೋಲೆಂಡ್ ರೇಡಿಯೋದ ಪಿಯಾನೋ ವಾದಕ, ಯಹೂದಿ ವ್ಲಾದಿಸ್ಲಾವ್ ಸ್ಪಿಲ್ಮನ್ ಅವರ ಆತ್ಮಕಥನ ಇದಕ್ಕೆ ಆಧಾರ. 1942ರಲ್ಲಿ ವಾರ್ಸಾದಿಂದ ಟ್ರೆಬ್ಲಿಂಕಾ ಶಿಬಿರಕ್ಕೆ ಹೊರಟ ರೈಲಿಗೆ ಅವರ ಮನೆಯವರನ್ನೆಲ್ಲ ತುಂಬಿದ್ರು. ಗೆಟ್ಟೋದ ಒಬ್ಬ ಪೊಲೀಸ್ ಇವರೊಬ್ಬರನ್ನ ಮಾತ್ರ ಹೊರಗೆಳೆದ. ಅಪ್ಪ, ಅಮ್ಮ, ಸಹೋದರ, ಇಬ್ಬರು ಸಹೋದರಿಯರು ಯಾರೂ ಉಳಿಯಲಿಲ್ಲ.

ಆಮೇಲೂ ಅವರು ಹೀರೋ ಆಗಲ್ಲ. ಅಡಗ್ತಾರೆ, ಕಾಯ್ತಾರೆ, ಹಸೀತಾರೆ. ಪಾಳುಬಿದ್ದ ಮನೆಯಲ್ಲಿ ಒಂದು ಡಬ್ಬಿಯ ಮುಚ್ಚಳ ತೆಗೆಯೋಕೆ ಒದ್ದಾಡುವಾಗ ಜರ್ಮನ್ ಅಧಿಕಾರಿ ವಿಲ್ಮ್ ಹೋಸೆನ್‌ಫೆಲ್ಡ್ ಎದುರಿಗೆ ನಿಂತಿರ್ತಾರೆ. ಅವರು ಗುಂಡು ಹಾರಿಸಲ್ಲ, ಊಟ ತಂದುಕೊಡ್ತಾರೆ. ಸ್ಪಿಲ್ಮನ್ 2000ನೇ ಇಸವಿಯವರೆಗೆ ಬದುಕಿದ್ರು. ಹೋಸೆನ್‌ಫೆಲ್ಡ್ 1952ರಲ್ಲಿ ಸೋವಿಯತ್ ಸೆರೆಯಲ್ಲೇ ತೀರಿಕೊಂಡ್ರು. ಇದರಲ್ಲಿ ಯಾವ ನ್ಯಾಯದ ಲೆಕ್ಕ ತಾಳೆಯಾಗುತ್ತೆ ಹೇಳಿ?

ಇಂಥ ಸಿನಿಮಾ ನೋಡಬೇಡಿ ಅಂತ ಅಲ್ಲ, ಖಂಡಿತ ನೋಡಿ. ನೋಡುವಾಗ ‘ಇವನು ಹೇಗೆ ಉಳಿದ?’ ಅನ್ನೋದರ ಜೊತೆಗೆ ‘ಇವನ ಪಕ್ಕದಲ್ಲಿದ್ದವರು ಏನಾದ್ರು?’ ಅಂತಲೂ ಕೇಳಿಕೊಳ್ಳಿ. ಡನ್‌ಕರ್ಕ್‌ನಲ್ಲಿ ಹೇಸರಗತ್ತೆಗಳ ಜೊತೆ ಬಂದಿದ್ದ ಭಾರತೀಯ ಸೈನಿಕರೂ ಇದ್ರು, ನೋಲನ್ ಚಿತ್ರದಲ್ಲಿ ಅವರು ಕಾಣಲ್ಲ. ಪರದೆ ಮೇಲೆ ಬರದವರೂ ಆ ಇತಿಹಾಸದವರೇ.

ನಿಮಗೆ ಹೀಗೆ ಕಾಡಿದ ಸಿನಿಮಾ ಯಾವುದು, ತಿಳಿಸಿ. ಮುಂದಿನ ವಾರ ಸಿಗೋಣ.